ಅಪ್ಪನನ್ನು ಮನೆಗೆ ಕರೆದುಕೊಂಡು ಹೋಗಿ ಎಂದಿದ್ದಾರೆ. ಮನೆಯವರಿಗೆ ಆಸರೆ ಎಲ್ಲಿ ಸಿಗುತ್ತದೆ? (ಮಂಡ್ಯ, ಮೈಸೂರು ಕಡೆಯವರು ಹೇಳಿ)

ಮದ್ದೂರು_ಮಗ
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 68 ವರ್ಷ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್, ಲಿವರ್‌ಗೂ ಹರಡಿದೆ. ಕೀಮೋ ಶುರು ಮಾಡಿದರು, ತಡೆದುಕೊಳ್ಳುವ ಶಕ್ತಿ ಇಲ್ಲ ಎಂದು ನಿಲ್ಲಿಸಿದರು. ಈಗ "ನಮ್ಮ ಕೈಲಿ ಇನ್ನೇನೂ ಇಲ್ಲ, ಮನೆಗೆ ಕರ್ಕೊಂಡು ಹೋಗಿ ಚೆನ್ನಾಗಿ ನೋಡ್ಕೊಳಿ" ಎಂದು ಕಳಿಸಿದ್ದಾರೆ. ಚೆನ್ನಾಗಿ ನೋಡಿಕೊಳ್ಳುವುದು ಅಂದರೆ ಹೇಗೆ ಎಂದು ಯಾರೂ ಹೇಳಲಿಲ್ಲ. ಡಿಸ್ಚಾರ್ಜ್ ಕಾಗದದಲ್ಲಿ ಒಂದು ನೋವಿನ ಮಾತ್ರೆ, ಒಂದು ಗ್ಯಾಸಿನ ಮಾತ್ರೆ. ಅಷ್ಟೇ.

ಮದ್ದೂರು ಪಕ್ಕ ನಮ್ಮ ಊರಲ್ಲೇ ಇದ್ದಾರೆ. ಹಗಲು ಹೇಗೋ ಕಳೆಯುತ್ತದೆ, ರಾತ್ರಿ ನೋವು ಶುರುವಾದರೆ ಮನೆಯಲ್ಲಿ ಯಾರೂ ಮಲಗುವ ಹಾಗಿಲ್ಲ. ಅಮ್ಮ ಊಟ ಬಿಟ್ಟಿದ್ದಾರೆ. ತಂಗಿ ಮಕ್ಕಳನ್ನು ಕಟ್ಟಿಕೊಂಡು ಬಂದು ಕೂತಿದ್ದಾಳೆ. ಚಿಕ್ಕಪ್ಪ ಬಂದಾಗಲೆಲ್ಲ "ಬೆಂಗಳೂರಿಗೆ ಹಾಕ್ರೋ, ದುಡ್ಡಿನ ಮುಖ ನೋಡ್ತೀರಾ" ಎಂದು ಎಲ್ಲರ ಮುಂದೆ ಅನ್ನುತ್ತಾರೆ.

ಹಾಸ್ಪಿಸ್ ಅಂತ ಕೇಳಿದ್ದೇನೆ. ಅದು ಕೊನೆಗಾಲದವರನ್ನು ಇಟ್ಟುಕೊಳ್ಳುವ ಜಾಗ ಮಾತ್ರವಾ? ಮನೆಯವರಿಗೂ ಏನಾದರೂ ಸಹಾಯ ಮಾಡುತ್ತಾರಾ? ನಮ್ಮ ಕಡೆ ಅಂಥದ್ದು ಇದೆಯಾ? ಅಪ್ಪ ಹೋದ ಮೇಲೆ ಅಮ್ಮನನ್ನು ಹೇಗೆ ಸಂಭಾಳಿಸುವುದು ಎಂಬ ಭಯ ಈಗಲೇ ಶುರುವಾಗಿದೆ.

ಕಬ್ಬಿನಗದ್ದೆ
ಧೈರ್ಯ ತಗೊಳಿ ಅಣ್ಣ. ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್‌ನಲ್ಲಿ ಒಂದು ಸಲ ವಿಚಾರಿಸಿದಿರಾ?

ಸರಸ್ವತಿಪುರಂ_ಮೇಷ್ಟ್ರು
ಮೈಸೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ನವರ ಪ್ಯಾಲಿಯೇಟಿವ್ (ಅಂದರೆ ನೋವು, ನರಳಾಟ ಕಡಿಮೆ ಮಾಡುವ ಆರೈಕೆಯ) ತಂಡ ಇದೆ, ಮನೆಗೇ ಬಂದು ನೋಡುತ್ತಾರೆ. ಸರಗೂರಿನಲ್ಲಿ ಆಸ್ಪತ್ರೆ ನಡೆಸುತ್ತಾರಲ್ಲ, ಅದೇ ಸಂಸ್ಥೆ. ಮದ್ದೂರಿನವರೆಗೆ ಬರುತ್ತಾರಾ ಇಲ್ಲವಾ ಎಂದು ಫೋನ್ ಮಾಡಿ ಕೇಳಿ. ಅವರಿಗೆ ಆಗದಿದ್ದರೂ ನಿಮಗೆ ಹತ್ತಿರದಲ್ಲಿ ಯಾರಿದ್ದಾರೆ ಎಂಬುದು ಅವರಿಗೆ ಗೊತ್ತಿರುತ್ತದೆ.

ಬೆಂಗಳೂರಿನಲ್ಲಿ ಕರುಣಾಶ್ರಯ ಇದೆ. ಮಾರತ್‌ಹಳ್ಳಿ ಕಡೆ. ಟ್ರಸ್ಟ್ ಶುರುವಾಗಿದ್ದು 1994ರಲ್ಲಿ, ರೋಗಿಗಳನ್ನು ಇಟ್ಟುಕೊಂಡು ನೋಡಲು ಶುರು ಮಾಡಿದ್ದು 1999ರಿಂದ. ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳಿಗೆ ಮಾತ್ರ. ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ. ನನ್ನ ಭಾವ ತೀರಿಕೊಂಡಿದ್ದು ಅಲ್ಲೇ. ನಡುವೆ ದೊಡ್ಡ ನೀರಿನ ಕೊಳ, ಸುತ್ತ ವಾರ್ಡು. ಅಕ್ಕ ಮಂಚದ ಪಕ್ಕದಲ್ಲೇ ಇದ್ದಳು. ವಿಸಿಟಿಂಗ್ ಅವರ್ ಮುಗೀತು ಎದ್ದೇಳಿ ಅಂತ ಯಾರೂ ಗದರಲಿಲ್ಲ. ಆಸ್ಪತ್ರೆಯಲ್ಲಿ ಆ ಮಾತು ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು.

ಹೆಬ್ಬಾಳ_ರಿಂಗ್‌ರೋಡ್
ಯಾರೂ ತಪ್ಪು ತಿಳಿಯಬೇಡಿ. 68 ಏನು ದೊಡ್ಡ ವಯಸ್ಸಲ್ಲ. ಇನ್ನೊಂದು ಒಪಿನಿಯನ್ ತೆಗೆದುಕೊಳ್ಳದೆ ಇಷ್ಟು ಬೇಗ ಕೈ ಚೆಲ್ಲುವುದಾ? ಹಾಸ್ಪಿಸ್ ಅಂದರೆ ಸಾಯಲಿ ಅಂತ ಬಿಡೋದೇ ಅಲ್ವಾ?

ಸಿಸ್ಟರ್_ಮೈಸೂರು
ಅಲ್ಲ. ನಾನು ನರ್ಸ್, ಪ್ಯಾಲಿಯೇಟಿವ್ ತಂಡದ ಜೊತೆ ಮನೆ ಮನೆಗೆ ಓಡಾಡುವ ಕೆಲಸ ಬಹಳ ವರ್ಷದಿಂದ ಮಾಡುತ್ತಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಎರಡನೇ ಅಭಿಪ್ರಾಯ ತೆಗೆದುಕೊಳ್ಳುವುದು ತಪ್ಪಲ್ಲ, ಕಾಗದ ತೆಗೆದುಕೊಂಡು ಯಾರಾದರೂ ಒಬ್ಬರು ಹೋಗಿ ಕೇಳಿಬನ್ನಿ. ಅದಕ್ಕೆ ರೋಗಿಯನ್ನು ಆಂಬ್ಯುಲೆನ್ಸ್‌ನಲ್ಲಿ ಹಾಕಿಕೊಂಡು ಅಲೆಯಬೇಕಿಲ್ಲ. ಆದರೆ ಆ ಉತ್ತರ ಬರುವ ತನಕ ನೋವು ಕಾಯುತ್ತದಾ? ನೋವು ಕಡಿಮೆ ಮಾಡುವ ಕೆಲಸ ಇವತ್ತೇ ಶುರುವಾಗಬೇಕು. ಕೀಮೋ ನಡೆಯುತ್ತಿರುವವರಿಗೂ ಪ್ಯಾಲಿಯೇಟಿವ್ ಕೇರ್ ಕೊಡುತ್ತಾರೆ. ಎಲ್ಲ ಮುಗಿದ ಮೇಲೆ ಬರುವವರು ಎಂದು ಜನ ತಿಳಿದಿರುವುದರಿಂದಲೇ ನಮ್ಮನ್ನು ಕೊನೇ ವಾರದಲ್ಲಿ ಕರೆಯುತ್ತಾರೆ. ಆಗ ನಮ್ಮ ಕೈಲಿ ಮಾಡೋಕೆ ಆಗೋದು ಕಾಲು ಭಾಗ ಅಷ್ಟೇ.

ತಂಡ ಮನೆಗೆ ಬಂದರೆ ಮೊದಲು ನೋವು, ವಾಂತಿ, ಮಲಬದ್ಧತೆ, ಹುಣ್ಣು ನೋಡುತ್ತೇವೆ. ಆಮೇಲೆ ಮನೆಯವರನ್ನು ಕೂರಿಸಿಕೊಂಡು ಕಲಿಸುತ್ತೇವೆ: ಬೆಡ್‌ಶೀಟ್ ಹಿಡಿದು ಹೊರಳಿಸುವುದು ಹೇಗೆ, ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸುವುದು, ಬಾಯಿ ಒರೆಸುವುದು, ಯಾವ ಮಾತ್ರೆ ಎಷ್ಟು ಹೊತ್ತಿಗೆ, ರಾತ್ರಿ ಹೆಚ್ಚು ಕಡಿಮೆ ಆದರೆ ಯಾರಿಗೆ ಫೋನ್ ಮಾಡಬೇಕು. ಆ ಕೊನೆಯದು ಬಹಳ ದೊಡ್ಡದು. ರಾತ್ರಿ ಒಂದು ಗಂಟೆಗೆ ಕೇಳಲು ಒಬ್ಬರಿದ್ದಾರೆ ಅಂದರೆ ಮನೆಯವರ ಅರ್ಧ ಭಯ ಇಳಿಯುತ್ತದೆ.

ಲಂಡನ್ನಿನಲ್ಲಿ 1967ರಲ್ಲಿ ಸಿಸಿಲಿ ಸಾಂಡರ್ಸ್ ಸೇಂಟ್ ಕ್ರಿಸ್ಟೋಫರ್ಸ್ ಶುರು ಮಾಡಿದಾಗಲೇ ಹೇಳಿದ್ದು ಇದೇ: ನೋವು ಮೈಯಲ್ಲಿ ಮಾತ್ರ ಇರೋದಿಲ್ಲ, ಮನಸ್ಸಿನಲ್ಲಿದೆ, ಸಂಸಾರದಲ್ಲಿದೆ, ದುಡ್ಡಿನ ಚಿಂತೆಯಲ್ಲಿದೆ, ದೇವರ ಮೇಲಿನ ಕೋಪದಲ್ಲೂ ಇದೆ. ಹಾಗಾಗಿ ಮದ್ದೂರಿನವರೇ, ನಿಮ್ಮ ಅಮ್ಮ ಊಟ ಬಿಟ್ಟಿರುವುದೂ ನಮ್ಮ ಕೆಲಸವೇ. ಅದಕ್ಕೆ ಬೇರೆ ಯಾರನ್ನೋ ಹುಡುಕಬೇಕಿಲ್ಲ.

ಚಾಮುಂಡಿಪುರಂ_ಸೊಸೆ
ಇದನ್ನು ಓದುತ್ತಾ ಕಣ್ಣಲ್ಲಿ ನೀರು ಬಂತು. ನಮ್ಮತ್ತೆಗೆ ಹೀಗೆ ಹೇಳಿಕೊಡೋರು ಒಬ್ಬರೂ ಇರಲಿಲ್ಲ.

ಕಬ್ಬಿನಗದ್ದೆ
ನೋವಿಗೆ ಮಾರ್ಫಿನ್ ಕೊಡ್ತಾರಂತೆ. ಅದು ಅಭ್ಯಾಸ ಆಗಿಬಿಡುತ್ತೆ, ಆಮೇಲೆ ಬೇಗ ಹೋಗ್ತಾರೆ ಅಂತಾರೆ ನಮ್ಮೂರಲ್ಲಿ. ಹುಷಾರು.

ಸಿಸ್ಟರ್_ಮೈಸೂರು
ಈ ಮಾತು ಎಷ್ಟು ಜನರನ್ನು ನರಳಿಸಿದೆಯೋ ಲೆಕ್ಕವಿಲ್ಲ. ನೋವು ಎಷ್ಟಿದೆಯೋ ಅಷ್ಟಕ್ಕೆ, ಕಡಿಮೆಯಿಂದ ಶುರು ಮಾಡಿ, ನೋಡಿಕೊಂಡು ಏರಿಸುತ್ತಾರೆ. ಬಾಯಿಗೆ ಕೊಡುವ ಸಾಧಾರಣ ಮಾತ್ರೆ ಸುಮಾರು ನಾಲ್ಕು ಗಂಟೆ ಕೆಲಸ ಮಾಡುತ್ತದೆ. ಅದಕ್ಕೇ ಹೊತ್ತಿಗೆ ಸರಿಯಾಗಿ ಕೊಡಬೇಕು, ನೋವು ಬಂದ ಮೇಲೆ ಕೊಡೋಣ ಎಂದು ಕಾಯಬಾರದು. ಹೀಗೆ ಡಾಕ್ಟರು ಹೇಳಿದ ಹಾಗೆ ಕೊಟ್ಟರೆ ಚಟ ಆಗುವುದು ಬಹಳ ಅಪರೂಪ, ಆಯಸ್ಸೂ ಕಡಿಮೆಯಾಗುವುದಿಲ್ಲ. ನೋವಿಲ್ಲದೆ ನಿದ್ದೆ ಮಾಡಿದವರು ಮರುದಿನ ಎದ್ದು ಕೂತು ಮಾತಾಡುತ್ತಾರೆ. ಮಲಬದ್ಧತೆ ಮಾತ್ರ ಖಂಡಿತ ಆಗುತ್ತದೆ, ಅದಕ್ಕೆ ಜೊತೆಯಲ್ಲೇ ಔಷಧಿ ಬರೆಸಿಕೊಳ್ಳಿ.

ಮಾರ್ಫಿನ್ ಮಾಮೂಲಿ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ. 1985ರ ಮಾದಕ ವಸ್ತು ಕಾಯ್ದೆ ಬಂದ ಮೇಲೆ ಆಸ್ಪತ್ರೆಗಳೇ ಇಟ್ಟುಕೊಳ್ಳಲು ಹೆದರುತ್ತಿದ್ದವು. 2014ರ ತಿದ್ದುಪಡಿ ಆದ ಮೇಲೆ ಮಾನ್ಯತೆ ಪಡೆದ ಆಸ್ಪತ್ರೆ, ಪ್ಯಾಲಿಯೇಟಿವ್ ಕೇಂದ್ರಗಳು ಇಟ್ಟುಕೊಂಡು ಕೊಡುವುದು ಸುಲಭವಾಯಿತು. ಮಂಡ್ಯದಲ್ಲಿ ಎಲ್ಲಿ ಸಿಗುತ್ತದೆ ಎಂಬುದನ್ನೇ ಮೊದಲ ಪ್ರಶ್ನೆಯಾಗಿ ಕೇಳಿ.

ಕಬ್ಬಿನಗದ್ದೆ
ಸರಿ ಅಕ್ಕ. ಊರಲ್ಲಿ ಎಲ್ಲರೂ ಹಾಗೇ ಹೇಳೋದು ಕೇಳಿದ್ದೆ, ಅದಕ್ಕೇ ಹೇಳಿದೆ.

ಸರಸ್ವತಿಪುರಂ_ಮೇಷ್ಟ್ರು
ಇದರಲ್ಲಿ ಕೇರಳದವರನ್ನು ಮೆಚ್ಚಬೇಕು. 1993ರಲ್ಲಿ ಕೋಝಿಕ್ಕೋಡಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಗೆಳೆಯರು ಶುರು ಮಾಡಿದ್ದು. ಈಗ ಅಲ್ಲಿ ಪಂಚಾಯಿತಿ ಮಟ್ಟದಲ್ಲಿ ನರ್ಸು ಮನೆಗೆ ಬರುತ್ತಾರೆ. 2008ರಲ್ಲೇ ಸರ್ಕಾರ ಇದಕ್ಕೊಂದು ನೀತಿ ಮಾಡಿತು. ವಯನಾಡು ನಮ್ಮ ಎಚ್.ಡಿ. ಕೋಟೆಯ ಬೇಲಿ ಪಕ್ಕದಲ್ಲೇ ಇದೆ. ಬೇಲಿಯ ಆ ಕಡೆ ಸಿಗುವುದು ಈ ಕಡೆ ಯಾಕೆ ಸಿಗಬಾರದು? ದೇಶಕ್ಕೆಲ್ಲ ಒಂದು ಕಾರ್ಯಕ್ರಮ 2012ರಿಂದ ಕಾಗದದಲ್ಲಿದೆ. ನಮ್ಮ ಆಶಾ ಕಾರ್ಯಕರ್ತೆಯರಿಗೆ ಸರಿಯಾಗಿ ತರಬೇತಿ, ಸರಿಯಾಗಿ ಸಂಬಳ ಕೊಟ್ಟರೆ ಈ ಕೆಲಸ ಅವರೇ ಮಾಡುತ್ತಾರೆ.

ಹೆಬ್ಬಾಳ_ರಿಂಗ್‌ರೋಡ್
ಮೇಷ್ಟ್ರೇ, ಎಲ್ಲದಕ್ಕೂ ಕೇರಳ ಕೇರಳ. ಇಲ್ಲಿ ಪಿಎಚ್‌ಸಿಯಲ್ಲಿ ಡಾಕ್ಟರೇ ಇರೋದಿಲ್ಲ.

ಸರಸ್ವತಿಪುರಂ_ಮೇಷ್ಟ್ರು
ಇಲ್ಲ ಎಂದು ಕೇಳದೇ ಕೂತರೆ ಇನ್ನೂ ಇರುವುದಿಲ್ಲ.

ದೂರದೇಶದಲ್ಲಿರೋಳು
ಐಸಿಯು ವಿಷಯ ನಾನು ಹೇಳಲೇಬೇಕು. ನಮ್ಮ ತಾಯಿಗೂ ಹರಡಿದ ಕ್ಯಾನ್ಸರ್ ಇತ್ತು. ನೆಂಟರ ಮಾತಿಗೆ ಹೆದರಿ ಅಣ್ಣ ಒಂದು ದೊಡ್ಡ ಖಾಸಗಿ ಆಸ್ಪತ್ರೆಯ ಐಸಿಯುಗೆ ಹಾಕಿದ. ನಾನು ವಿಮಾನ ಹತ್ತಿ ಬಂದೆ. ಬಾಯಲ್ಲಿ ಪೈಪು, ಎರಡೂ ಕೈ ಮಂಚಕ್ಕೆ ಕಟ್ಟಿದ್ದರು, ಪೈಪು ಕೀಳಬಾರದು ಎಂದು. ದಿನಕ್ಕೆ ಎರಡು ಸಲ ಹತ್ತು ನಿಮಿಷ ಒಳಗೆ ಬಿಡೋರು. ಅಮ್ಮ ನನ್ನ ಮುಖ ನೋಡಿ ಏನೋ ಹೇಳಲು ಹೋದರು, ಪೈಪು ಇತ್ತಲ್ಲ, ಆಗಲಿಲ್ಲ. ಏನು ಹೇಳಲು ಹೊರಟಿದ್ದರು ಎಂಬುದು ನನಗೆ ಯಾವತ್ತೂ ಗೊತ್ತಾಗುವುದಿಲ್ಲ. ಗುಣವಾಗುವ ಕಾಯಿಲೆಗೆ ಐಸಿಯು ಬೇಕೇ ಬೇಕು. ಗುಣವಾಗದು ಎಂದು ಡಾಕ್ಟರೇ ಹೇಳಿದ ಮೇಲೆ, ಚಿಕ್ಕಪ್ಪನ ಬಾಯಿ ಮುಚ್ಚಿಸಲು ಅಪ್ಪನನ್ನು ಅಲ್ಲಿಗೆ ಕಳಿಸಬೇಡಿ.

ಹೆಬ್ಬಾಳ_ರಿಂಗ್‌ರೋಡ್
ಕ್ಷಮಿಸಿ ಅಕ್ಕ. ಆ ದೃಷ್ಟಿಯಿಂದ ನಾನು ಯೋಚಿಸಿರಲಿಲ್ಲ. ಆದರೂ ಮಕ್ಕಳಿಗೆ ಅನ್ನಿಸುತ್ತಲ್ವಾ, ಎಲ್ಲಾ ಮಾಡಿದ್ವಿ ಅಂತ ಇರಬೇಕು ಎಂದು?

ದೂರದೇಶದಲ್ಲಿರೋಳು
ನೋವಿಲ್ಲದ ಹಾಗೆ ಮಲಗಿಸಿ, ಪಕ್ಕದಲ್ಲಿ ಕೂತಿರುವುದೂ ಎಲ್ಲಾ ಮಾಡಿದ ಹಾಗೆಯೇ. ಯಾಕೋ ಅದನ್ನು ನಮ್ಮ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ.

ವಕೀಲರು_ನಂಜನಗೂಡು
ಕಾನೂನಿನ ಭಯ ಇದ್ದವರಿಗೆ ಒಂದು ಮಾತು. ಮನೆಯಲ್ಲೇ ನೋಡಿಕೊಳ್ಳುತ್ತೇವೆ ಎನ್ನುವುದಕ್ಕೆ ಯಾವ ಕೋರ್ಟಿನ ಕಾಗದವೂ ಬೇಡ. ಬೇಡವಾದ ಚಿಕಿತ್ಸೆಯನ್ನು ಬೇಡ ಎನ್ನುವ ಹಕ್ಕು ರೋಗಿಗೆ ಇದೆ. ಆಸ್ಪತ್ರೆಯಲ್ಲಿ, ರೋಗಿಗೆ ತಾನೇ ಹೇಳುವ ಸ್ಥಿತಿ ಇಲ್ಲದಾಗ, ವೆಂಟಿಲೇಟರ್‌ನಂಥದ್ದನ್ನು ಹಾಕದಿರುವ ಅಥವಾ ತೆಗೆಯುವ ಪ್ರಶ್ನೆ ಬಂದರೆ ಡಾಕ್ಟರುಗಳ ಎರಡು ಮಂಡಳಿ, ಅದೂ ಇದೂ ಬರುತ್ತದೆ. ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ಕಾಮನ್ ಕಾಸ್ ಪ್ರಕರಣದಲ್ಲಿ ಇದಕ್ಕೆ ದಾರಿ ಮಾಡಿಕೊಟ್ಟಿತು, 2023ರ ಜನವರಿಯಲ್ಲಿ ಸುಲಭ ಮಾಡಿತು. ನಮ್ಮ ರಾಜ್ಯದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು.

ಮುಂಚೆಯೇ ಬರೆದಿಡುವ ಉಯಿಲು ಅಂದರೆ ಲಿವಿಂಗ್ ವಿಲ್. ಬುದ್ಧಿ ಸ್ವಾಧೀನದಲ್ಲಿರುವ ಯಾವ ವಯಸ್ಕರೂ ಮಾಡಬಹುದು. ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಸಹಿ. ತಮಗೆ ಮಾತು ನಿಂತರೆ ತಮ್ಮ ಪರವಾಗಿ ಯಾರು ಹೇಳಬೇಕು ಎಂದೂ ಅದರಲ್ಲಿ ಬರೆಯಬಹುದು. ಇದು ದಯಾಮರಣದ ಇಂಜೆಕ್ಷನ್ ಅಲ್ಲ, ಅದು ನಮ್ಮ ದೇಶದಲ್ಲಿ ಅಪರಾಧ. ಎರಡನ್ನೂ ಒಂದೇ ಮಾಡಿ ವಾಟ್ಸಾಪಿನಲ್ಲಿ ಹಂಚುತ್ತಾರೆ.

ಉದಯಗಿರಿ_ಗೆಳೆಯ
ಹೌದು, ಮಸೀದಿ ಹತ್ತಿರ ಇದೇ ಪ್ರಶ್ನೆ ಬಂದಿತ್ತು. ನಮ್ಮ ತಂದೆಗೆ ವೆಂಟಿಲೇಟರ್ ಹಾಕಿಸದೆ ಮನೆಗೆ ತಂದೆವು. ಮನೆಯಲ್ಲಿ ಕುರಾನಿನ ಯಾಸೀನ್ ಓದುತ್ತಾ ಎಲ್ಲರೂ ಜೊತೆಗಿದ್ದೆವು. ಮನೆಗೆ ಬರುತ್ತಿದ್ದ ನರ್ಸು ಹಿಂದೂ, ಚಪ್ಪಲಿ ಹೊರಗೆ ಬಿಟ್ಟು ಬಂದು ಓದು ಮುಗಿಯುವ ತನಕ ಸುಮ್ನೆ ಕೂತಿದ್ದು, ಆಮೇಲೆ ಕ್ಯಾತಿಟರ್ ನೋಡಿದರು. ಆ ತಾಯಿಯನ್ನು ನಮ್ಮ ಮನೆ ಮರೆಯೋದಿಲ್ಲ.

ಮದ್ದೂರು_ಮಗ
ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಫೋನ್ ಮಾಡಿದೆ, ದಾರಿ ಸಿಕ್ಕಿತು. ಡಾಕ್ಟರು ನೋಡಿದರು, ಮಾರ್ಫಿನ್ ಶುರುವಾಗಿದೆ, ಅಪ್ಪ ನಿನ್ನೆ ರಾತ್ರಿ ನಿದ್ದೆ ಮಾಡಿದರು. ಅಮ್ಮನೂ ಪಕ್ಕದಲ್ಲಿ ಚಾಪೆ ಹಾಕಿ ಮಲಗಿದರು.

ಎರಡು ಪ್ರಶ್ನೆ. ಒಂದು, ಅಪ್ಪನಿಗೆ ಕ್ಯಾನ್ಸರ್ ಎಂದು ಹೇಳಿಲ್ಲ, "ಹುಣ್ಣಾಗಿದೆ" ಎಂದಿದ್ದೇವೆ. ಹೇಳಬೇಕಾ? ಇನ್ನೊಂದು, ಊಟ ತೀರಾ ಕಡಿಮೆ. ಅಮ್ಮ ರಾಗಿ ಗಂಜಿ ಬಲವಂತ ಮಾಡಿ ಕುಡಿಸುತ್ತಾರೆ, ಅಪ್ಪ ಬಾಯಿ ಬಿಗಿ ಹಿಡಿಯುತ್ತಾರೆ, ಇಬ್ಬರಿಗೂ ಬೇಜಾರು. ಡ್ರಿಪ್ ಹಾಕಿಸೋಣವಾ?

ಬೋಗಾದಿ_ಅಜ್ಜಿ
ಹೇಳಬೇಡಪ್ಪ. ಹೇಳಿದರೆ ಕುಗ್ಗಿಹೋಗುತ್ತಾರೆ. ಇರುವಷ್ಟು ದಿನ ನೆಮ್ಮದಿಯಾಗಿರಲಿ.

ಚಾಮುಂಡಿಪುರಂ_ಸೊಸೆ
ನನಗೆ ಒಪ್ಪಿಗೆ ಇಲ್ಲ ಅಜ್ಜಿ. ನಮ್ಮತ್ತೆಗೆ ಎಲ್ಲ ಗೊತ್ತಿತ್ತು. ನಮಗೆ ಬೇಜಾರಾಗುತ್ತೆ ಎಂದು ಅವರು ಗೊತ್ತಿಲ್ಲದವರ ಹಾಗೆ ಇದ್ದರು, ಅವರಿಗೆ ಬೇಜಾರಾಗುತ್ತೆ ಎಂದು ನಾವು. ಒಂದೇ ಮನೆಯಲ್ಲಿ ಎರಡು ಕಡೆ ಕೂತು ಅಳುತ್ತಿದ್ದೆವು.

ಸಿಸ್ಟರ್_ಮೈಸೂರು
ನೀವಾಗಿ ಹೋಗಿ ತಲೆ ಮೇಲೆ ಸುರಿಯಬೇಡಿ, ಅವರು ಕೇಳಿದರೆ ಸುಳ್ಳು ಹೇಳಬೇಡಿ. "ಅಪ್ಪ, ನಿಮಗೆ ಏನನ್ನಿಸ್ತಿದೆ?" ಎಂದು ಕೇಳಿ ನೋಡಿ. ಅಲ್ಲಿಂದ ಅವರೇ ದಾರಿ ತೋರಿಸುತ್ತಾರೆ. ಕಷ್ಟ ಅನ್ನಿಸಿದರೆ ತಂಡದವರ ಮುಂದೆ ಮಾತಾಡಿ, ಅದನ್ನು ನಡೆಸಿಕೊಡುವುದೂ ನಮ್ಮ ಕೆಲಸ.

ಊಟದ ವಿಷಯ. ಊಟ ಬಿಟ್ಟಿದ್ದರಿಂದ ಹೋಗುತ್ತಿದ್ದಾರೆ ಎಂದು ಎಲ್ಲರಿಗೂ ಅನ್ನಿಸುತ್ತದೆ. ಆಗುತ್ತಿರುವುದು ತಿರುಗುಮುರುಗು. ಮೈ ಮುಗಿಯುತ್ತಾ ಬಂದಾಗ ಹಸಿವು ತಾನಾಗಿ ನಿಲ್ಲುತ್ತದೆ. ಬಲವಂತ ಮಾಡಿದರೆ ಗಂಜಿ ಶ್ವಾಸಕೋಶಕ್ಕೆ ಇಳಿಯುವ ಅಪಾಯ. ಆ ಹಂತದಲ್ಲಿ ಡ್ರಿಪ್ ಹಾಕಿದರೆ ಎಷ್ಟೋ ಸಲ ನೀರು ಕಾಲಲ್ಲಿ, ಎದೆಯಲ್ಲಿ ನಿಂತು ಉಸಿರಾಟ ಇನ್ನೂ ಕಷ್ಟ ಆಗುತ್ತದೆ. ನಿಮ್ಮ ತಂದೆಗೆ ಬೇಕಾ ಬೇಡವಾ ಎಂದು ನೋಡಿದ ಡಾಕ್ಟರೇ ಹೇಳಬೇಕು.

ಆದರೆ ಅಮ್ಮನ ಕೈಯಿಂದ ಕೆಲಸ ಕಿತ್ತುಕೊಳ್ಳಬೇಡಿ. ನಲವತ್ತು ವರ್ಷ ಬಡಿಸಿದ ಕೈ ಅದು. ಹತ್ತಿ ಸುರುಳಿಯನ್ನು ನೀರಲ್ಲಿ ಅದ್ದಿ, ಹಿಂಡಿ, ತುಟಿ, ನಾಲಿಗೆ ಒರೆಸುವುದನ್ನು ಅಮ್ಮನಿಗೇ ಕಲಿಸಿ. ತುಟಿಗೆ ತುಪ್ಪ ಹಚ್ಚಲಿ. ಅಪ್ಪನಿಗೆ ಕಾಫಿ ಇಷ್ಟ ಇದ್ದರೆ ಆ ಹತ್ತಿಯನ್ನು ಕಾಫಿಯಲ್ಲೇ ಅದ್ದಲಿ. ಒಬ್ಬ ಯಜಮಾನರು ಹಾಗೆ ಫಿಲ್ಟರ್ ಕಾಫಿ ಚೀಪುತ್ತಾ "ಡಿಕಾಕ್ಷನ್ ತೆಳ್ಳಗಾಯ್ತು" ಎಂದು ಹೆಂಡತಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಆಯಮ್ಮ ಅತ್ತುಕೊಂಡೇ ನಕ್ಕರು.

ಪಾಂಡವಪುರ_ಹೈದ
ಕೊನೇ ಹೊತ್ತು ಹೇಗಿರುತ್ತೆ ಅಂತ ಯಾರಾದರೂ ನೇರವಾಗಿ ಹೇಳ್ತೀರಾ? ನಮ್ಮ ತಾತನಿಗೆ ಗಂಟಲಲ್ಲಿ ಗೊರಗೊರ ಶುರುವಾದಾಗ ಎಲ್ಲರೂ ಹೆದರಿ ಆಟೋದಲ್ಲಿ ಹಾಕಿಕೊಂಡು ಓಡಿದೆವು. ದಾರಿಯಲ್ಲೇ ಹೋದರು. ಮೊದಲೇ ಗೊತ್ತಿದ್ದರೆ ಮನೆಯಲ್ಲೇ ಇರುತ್ತಿದ್ದರು ಅನ್ನಿಸುತ್ತೆ.

ಸಿಸ್ಟರ್_ಮೈಸೂರು
ಹೇಳುತ್ತೇನೆ. ನಿದ್ದೆ ಜಾಸ್ತಿಯಾಗುತ್ತದೆ, ಕರೆದರೂ ಕಣ್ಣು ಬಿಡುವುದು ಕಡಿಮೆ. ಮೂತ್ರ ಕಡಿಮೆಯಾಗುತ್ತದೆ. ಕೈಕಾಲು ತಣ್ಣಗಾಗುತ್ತವೆ, ಮಂಡಿಯ ಹತ್ತಿರ ಚರ್ಮ ನೀಲಿ ಮಚ್ಚೆ ಮಚ್ಚೆ ಆಗುತ್ತದೆ. ಉಸಿರು ಜೋರಾಗಿ ಬಂದು, ನಿಂತು, ಮತ್ತೆ ಬರುತ್ತದೆ. ಆ ಗೊರಗೊರ ಸದ್ದು ನುಂಗಲಾಗದ ಎಂಜಲು ಗಂಟಲಲ್ಲಿ ನಿಂತಿರುವುದರಿಂದ. ಕೇಳುವವರಿಗೆ ಹಿಂಸೆ, ಅವರಿಗೆ ಅದು ಅಷ್ಟಾಗಿ ಗೊತ್ತಾಗುವುದಿಲ್ಲ. ಒಂದು ಮಗ್ಗಲಿಗೆ ತಿರುಗಿಸಿ, ತಲೆ ಸ್ವಲ್ಪ ಎತ್ತರಿಸಿ. ಸದ್ದು ಕಡಿಮೆ ಮಾಡುವ ಔಷಧಿಯೂ ಇದೆ, ಮೊದಲೇ ಕೇಳಿಟ್ಟುಕೊಳ್ಳಿ. ಮಾತಾಡುತ್ತಾ ಇರಿ, ಕಿವಿ ಕೊನೆಯ ತನಕ ಕೇಳುತ್ತಿರಬಹುದು. ಮಂಚದ ಪಕ್ಕ ನಿಂತು ಆಸ್ತಿ ಜಗಳ ಮಾಡಬೇಡಿ, ಅದನ್ನೂ ನೋಡಿದ್ದೇನೆ.

ತುಳಸಿ ನೀರು, ಗಂಗಾಜಲ ಬಿಡುವವರು ಲೋಟದಿಂದ ಹುಯ್ಯಬೇಡಿ. ತುಟಿ ಒದ್ದೆಯಾಗುವಷ್ಟು ಸಾಕು, ಶಾಸ್ತ್ರಕ್ಕೂ ಅಷ್ಟು ಸಾಕು.

ಪಾಂಡವಪುರ_ಹೈದ
ಇದನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ ಸಿಸ್ಟರ್. ನಮ್ಮ ಅಜ್ಜಿಗೆ 90 ದಾಟಿದೆ.

ಜಯಲಕ್ಷ್ಮೀಪುರಂ_ವಾಕರ್
ಇದಕ್ಕೆ ಸಂಬಂಧವಿಲ್ಲದಿದ್ದರೂ ಹೇಳುತ್ತೇನೆ. ಕಣ್ಣು ಕೊಡುವ ಮನಸ್ಸಿದ್ದರೆ ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳಿ. ಆರು ಗಂಟೆಯೊಳಗೆ ತೆಗೆಯಬೇಕು. ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ, ಒದ್ದೆ ಹತ್ತಿ ಇಡಿ, ತಲೆಗೆ ದಿಂಬು ಕೊಡಿ. ಕ್ಯಾನ್ಸರ್ ಇದ್ದವರೂ ಬಹಳಷ್ಟು ಜನ ಕೊಡಬಹುದು, ರಕ್ತದ ಕ್ಯಾನ್ಸರ್, ಕಣ್ಣಿನ ಕ್ಯಾನ್ಸರ್ ಬಿಟ್ಟು. 2021ರಲ್ಲಿ ಅಪ್ಪು ಹೋದಾಗ ಎಷ್ಟು ಜನ ಫಾರಂ ತುಂಬಿದರು. ಫಾರಂ ತುಂಬಿ ಮನೆಯವರಿಗೆ ಹೇಳದಿದ್ದರೆ ಏನು ಪ್ರಯೋಜನ?

ಕಬ್ಬಿನಗದ್ದೆ
ಅಪ್ಪು ಹೆಸರು ಕೇಳಿದರೆ ಈಗಲೂ ಸಂಕಟ ಆಗುತ್ತೆ. ಅಣ್ಣಾವ್ರು 2006ರಲ್ಲೇ ದಾರಿ ಹಾಕಿಕೊಟ್ಟರು.

ಮದ್ದೂರು_ಮಗ
ಸಿಸ್ಟರ್ ಹೇಳಿದ ಹಾಗೆ ಕೇಳಿದೆ. "ನಿಮಗೇನನ್ನಿಸ್ತಿದೆ ಅಪ್ಪ" ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು "ಅಲ್ಮೆರಾದಾಗೆ ಕೆಂಪು ನೋಟ್‌ಬುಕ್ಕು ಅದೆ, ತಕ್ಕೊ ಬಾ" ಅಂದರು. ಸೊಸೈಟಿ ಸಾಲ ಎಷ್ಟು, ಫ್ಯಾಕ್ಟರಿಯಿಂದ ಕಬ್ಬಿನ ಬಾಕಿ ಎಷ್ಟು, ಪಕ್ಕದ ಗದ್ದೆಯವನಿಗೆ ಪಂಪ್‌ಸೆಟ್ ರಿಪೇರಿಗೆ ಕೊಟ್ಟ ಕೈಸಾಲ, ಎಲ್ಲ ಒಂದೊಂದಾಗಿ ಹೇಳಿ ನನ್ನ ಕೈಲಿ ಬರೆಸಿದರು. ಕೊನೆಗೆ "ನಿಮ್ಮವ್ವನ್ನ ಊರಲ್ಲೇ ಇರಾಕೆ ಬಿಡು, ನಿನ್ನ ಬಾಡಿಗೆ ಮನೇಗೆ ಎಳ್ಕೊಂಡು ಹೋಗ್ಬೇಡ" ಅಂದರು. ಅವರಿಗೆ ಎಲ್ಲ ಗೊತ್ತಿತ್ತು. ಚಿಕ್ಕಪ್ಪನನ್ನೂ ಕರೆಸಿ ಅವರೇ ಹೇಳಿದರು, "ನನ್ನ ಎಲ್ಲಿಗೂ ಹೊತ್ಕೊಂಡು ಹೋಗ್ಬೇಡಿ." ಚಿಕ್ಕಪ್ಪ ಆಮೇಲೆ ಒಂದು ಮಾತೂ ಆಡಿಲ್ಲ. ದಿನಾ ಸಂಜೆ ಬಂದು ಕಾಲು ಒತ್ತುತ್ತಾರೆ.

ಬೋಗಾದಿ_ಅಜ್ಜಿ
ನಿಮ್ಮ ತಂದೆ ದೊಡ್ಡವರು ಕಣಪ್ಪ. ನಾನು ಹೇಳಬೇಡ ಅಂದಿದ್ದೆ, ಅವರೇ ಹೇಳಿಬಿಟ್ಟರು.

ದೂರದೇಶದಲ್ಲಿರೋಳು
🙏🙏

ಮಲ್ಲಿಗೆಮೊಗ್ಗು
ನಿಮ್ಮ ತಂಗಿಯ ಮಕ್ಕಳ ವಿಷಯ ಯಾರೂ ಹೇಳಲಿಲ್ಲ. ನಾನು ಶಾಲೆಯಲ್ಲಿ ಕೌನ್ಸೆಲಿಂಗ್ ಕೆಲಸ ಮಾಡುತ್ತೇನೆ. ಮಕ್ಕಳಿಗೆ "ತಾತ ನಿದ್ದೆ ಮಾಡ್ತಿದ್ದಾರೆ", "ಊರಿಗೆ ಹೋಗಿದ್ದಾರೆ" ಎನ್ನಬೇಡಿ. ಆಮೇಲೆ ಅಮ್ಮ ಮಲಗಿದರೂ ಹೆದರುತ್ತಾರೆ, ಅಪ್ಪ ಊರಿಗೆ ಹೊರಟರೂ ಅಳುತ್ತಾರೆ. ತಾತನ ಮೈ ಕೆಲಸ ನಿಲ್ಲಿಸುತ್ತೆ, ಮತ್ತೆ ಬರೋದಿಲ್ಲ, ಇದು ನಿನ್ನಿಂದ ಆಗಿದ್ದಲ್ಲ. ಇಷ್ಟನ್ನು ಸರಳವಾಗಿ ಹೇಳಿ. ಹತ್ತಿರ ಬರಬೇಕು ಅಂದರೆ ಬಿಡಿ, ಬೇಡ ಅಂದರೆ ಎಳೆಯಬೇಡಿ.

ವಕೀಲರು_ನಂಜನಗೂಡು
ಮನೆಯಲ್ಲಿ ಸಾವಾದರೆ ಕಾಗದದ ಕೆಲಸ ಮರೆಯಬೇಡಿ. ನೋಡುತ್ತಿದ್ದ ಡಾಕ್ಟರಿಂದ ಸಾವಿನ ಕಾರಣದ ಪತ್ರ ತೆಗೆದುಕೊಳ್ಳಿ. 21 ದಿನದೊಳಗೆ ನೋಂದಣಿ ಮಾಡಿಸಿ, ಆ ಗಡುವಿನೊಳಗೆ ಶುಲ್ಕ ಇಲ್ಲ. ತಡವಾದರೆ ದಂಡ, ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು. ಊರಲ್ಲಾದರೆ ಪಂಚಾಯಿತಿ ಅಥವಾ ಗ್ರಾಮ ಆಡಳಿತಾಧಿಕಾರಿ ಹತ್ತಿರ ವಿಚಾರಿಸಿ. ಆಧಾರ್‌ನಲ್ಲಿ ಇರುವ ಹಾಗೇ ಹೆಸರು ಬರೆಸಿ. ಒಂದು ಅಕ್ಷರ ಹೆಚ್ಚು ಕಡಿಮೆಯಾಗಿ ಪೌತಿ ಖಾತೆಗೆ (ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಬರುವುದಕ್ಕೆ), ಬ್ಯಾಂಕಿಗೆ ಅಲೆಯುವವರನ್ನು ದಿನಾ ನೋಡುತ್ತೇನೆ.

ಪಾಂಡವಪುರ_ಹೈದ
ಅಸ್ಥಿ ಬಿಡೋದಕ್ಕೆ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿ ಒಳ್ಳೇದಾ ಸಂಗಮ ಒಳ್ಳೇದಾ?

ಸರಸ್ವತಿಪುರಂ_ಮೇಷ್ಟ್ರು
ಎರಡೂ ಕಾವೇರಿಯೇ. ಪಶ್ಚಿಮವಾಹಿನಿಯಲ್ಲಿ 1948ರಲ್ಲಿ ಗಾಂಧೀಜಿಯ ಅಸ್ಥಿಯನ್ನೂ ಬಿಟ್ಟಿದ್ದಾರೆ. ಬಟ್ಟೆ, ಪ್ಲಾಸ್ಟಿಕ್ ಕವರು ಮಾತ್ರ ನೀರಿಗೆ ಎಸೆಯಬೇಡಿ, ಆ ದಂಡೆಯ ಸ್ಥಿತಿ ನೋಡಿದರೆ ಹೊಟ್ಟೆ ಉರಿಯುತ್ತದೆ.

ಹೆಬ್ಬಾಳ_ರಿಂಗ್‌ರೋಡ್
ಇವರ ತಂದೆ ಇನ್ನೂ ಇದ್ದಾರೆ. ಈ ಮಾತು ಇಲ್ಲಿ ಬೇಕಾ?

ಪಾಂಡವಪುರ_ಹೈದ
ಸಾರಿ. ನಮ್ಮ ಮನೆಯ ವಿಷಯಕ್ಕೆ ಕೇಳಿದ್ದು.

ಚಾಮುಂಡಿಪುರಂ_ಸೊಸೆ
ಅಮ್ಮನ ಬಗ್ಗೆ ಒಂದು ಮಾತು, ಕೆಲವರಿಗೆ ಇಷ್ಟವಾಗದೇ ಇರಬಹುದು. ನಮ್ಮ ಕಡೆ ಗಂಡ ಹೋದ ಮೇಲೆ ಕೈ ತುಂಬ ಬಳೆ ತೊಡಿಸಿ, ಹೂವು ಮುಡಿಸಿ, ಅರಿಶಿನ ಕುಂಕುಮ ಬಳಿದು, ಆಮೇಲೆ ಎಲ್ಲರ ಮುಂದೆ ಬಳೆ ಒಡೆದು ಕುಂಕುಮ ಅಳಿಸುತ್ತಾರೆ. ನಮ್ಮಮ್ಮನಿಗೆ ಹಾಗೆ ಮಾಡಿದಾಗ ನಾನು ಚಿಕ್ಕವಳು. ಅಪ್ಪ ಹೋದದ್ದಕ್ಕಿಂತ ಆ ಹೊತ್ತು ನನಗೆ ಹೆಚ್ಚು ನೆನಪಿದೆ. ಗಾಜು ಚುಚ್ಚಿ ಮಣಿಕಟ್ಟಲ್ಲಿ ರಕ್ತ ಬಂದಿತ್ತು, ಯಾರೂ ನೋಡಲಿಲ್ಲ. ದಯವಿಟ್ಟು ಮದ್ದೂರಿನವರೇ, ಇದು ಬೇಕಾ ಬೇಡವಾ ಎಂದು ನಿಮ್ಮ ಅಮ್ಮನನ್ನು ಕೇಳಿ.

ಬೋಗಾದಿ_ಅಜ್ಜಿ
ಹಿರಿಯರು ಮಾಡಿದ ಶಾಸ್ತ್ರ. ಊರವರು ಆಡಿಕೊಳ್ಳುತ್ತಾರೆ. ನನಗೂ ಮಾಡಿದರು, ನಾನೇನು ಸತ್ತೆನಾ?

ಚಾಮುಂಡಿಪುರಂ_ಸೊಸೆ
ಅಜ್ಜಿ, ಅವತ್ತು ನಿಮ್ಮನ್ನು ಯಾರಾದರೂ ಕೇಳಿದ್ದರಾ?

ಬೋಗಾದಿ_ಅಜ್ಜಿ
ಇಲ್ಲ ಮಗಳೇ. ಯಾರು ಕೇಳೋರು ಆಗ. ಕೇಳಿದ್ದರೆ ಬೇಡ ಅಂತಿದ್ದೆ.

ಸಿಸ್ಟರ್_ಮೈಸೂರು
ಇಬ್ಬರಿಗೂ ನಮಸ್ಕಾರ. ಮದ್ದೂರಿನವರು ಮೊದಲ ದಿನ ಕೇಳಿದ ಪ್ರಶ್ನೆಗೆ ಇನ್ನೂ ಉತ್ತರ ಕೊಟ್ಟಿಲ್ಲ, ಹೋದ ಮೇಲೆ ಅಮ್ಮನ ಕಥೆ ಏನು ಎಂದು.

ಹಾಲು ತುಪ್ಪ, ತಿಥಿ ಮುಗಿಯುವ ತನಕ ಮನೆ ತುಂಬಾ ಜನ. ಆಮೇಲೆ ಶಾಮಿಯಾನ ಬಿಚ್ಚುತ್ತಾರೆ, ನೆಂಟರು ಬಸ್ಸು ಹತ್ತುತ್ತಾರೆ. ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸುತ್ತಿದ್ದ ಹೆಂಗಸಿಗೆ ಒಮ್ಮೆಲೇ ಕೆಲಸವಿಲ್ಲ. ರಾತ್ರಿ ಮಾತ್ರೆಯ ಹೊತ್ತಿಗೆ ಎಚ್ಚರವಾಗುತ್ತದೆ. ಅದಕ್ಕೇ ತಂಡದವರು ಆ ಜನ ಎಲ್ಲ ಹೋದ ಮೇಲೆ ಫೋನ್ ಮಾಡುತ್ತೇವೆ, ಸಾಧ್ಯವಾದರೆ ಹೋಗಿ ಕೂರುತ್ತೇವೆ. ಬುದ್ಧಿ ಹೇಳುವುದಿಲ್ಲ. "ಅವತ್ತು ಇನ್ನೊಂದು ಸ್ವಲ್ಪ ನೀರು ಕೊಡಬೇಕಿತ್ತಾ" ಎಂದು ಅವರಲ್ಲಿ ಕೊರೆಯುತ್ತಿರುವ ಪ್ರಶ್ನೆಗಳಿಗೆ ನೋಡಿಕೊಂಡ ನರ್ಸು, ಡಾಕ್ಟರು ಉತ್ತರ ಕೊಟ್ಟರೆ ಅದರ ತೂಕವೇ ಬೇರೆ. ಎಲ್ಲ ಕಡೆ ತಂಡದವರಿಗೆ ಇಷ್ಟು ಮಾಡಲು ಆಗುವುದಿಲ್ಲ, ಜನ ಕಡಿಮೆ, ಊರು ಜಾಸ್ತಿ. ಹಾಗಾಗಿ ನೀವೇ ಕೇಳಿಟ್ಟುಕೊಳ್ಳಿ, ಆಮೇಲೂ ಫೋನ್ ಮಾಡಬಹುದಾ ಎಂದು.

ಅಳು, ನಿದ್ದೆ ಬಾರದಿರುವುದು, ಅವರ ಧ್ವನಿ ಕೇಳಿದ ಹಾಗಾಗುವುದು, ಕೆಲವರಿಗೆ "ಅಬ್ಬಾ ಮುಗೀತು" ಎಂದು ಹಗುರವಾಗುವುದು, ಎಲ್ಲ ಸಹಜ. ಆರು ತಿಂಗಳು, ವರ್ಷ ಕಳೆದರೂ ದುಃಖ ಒಂದಿಷ್ಟೂ ಸಡಿಲವಾಗದೆ, ಏಳಲು, ಉಣ್ಣಲು ಆಗದಿದ್ದರೆ, ಅಥವಾ "ನಾನೂ ಹೋಗಬೇಕು" ಎಂದರೆ, ಮಾನಸಿಕ ವೈದ್ಯರಿಗೆ ತೋರಿಸಿ. ಸಾಯುವ ಮಾತಿದ್ದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್, 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿಯೂ.

ಕಬ್ಬಿನಗದ್ದೆ
ಗಂಡಸರು ಅಳಬಾರದು ಅಂತ ನಮಗೆಲ್ಲ ಹೇಳಿ ಬೆಳೆಸಿದ್ದಾರೆ. ಮದ್ದೂರಣ್ಣ, ನೀವೂ ಒಂದು ಫೋನ್ ಮಾಡಿ ಮಾತಾಡಿ. ಎಲ್ಲರೂ ಅಮ್ಮನ ಬಗ್ಗೆ ಕೇಳ್ತಾರೆ, ಮಗನನ್ನು ಕೇಳೋರು ಯಾರು?

ಮದ್ದೂರು_ಮಗ
ಇದನ್ನು ಓದಿ ಹೊರಗೆ ಹಟ್ಟಿ ಹತ್ತಿರ ಹೋಗಿ ಅತ್ತು ಬಂದೆ. ಥ್ಯಾಂಕ್ಸ್ ಅಣ್ಣ. ಅಮ್ಮನನ್ನು ಬಳೆಯ ವಿಷಯ ಕೇಳುತ್ತೇನೆ, ಈಗಲ್ಲ. ತಂಗಿ ಕೇಳುತ್ತೇನೆ ಎಂದಿದ್ದಾಳೆ. ಬೆನ್ನಲ್ಲಿ ಕೆಂಪು ಕಾಣಿಸಿದೆ, ಏರ್ ಬೆಡ್ ಹಾಕಿ ಎಂದಿದ್ದಾರೆ. ಮಂಡ್ಯದಲ್ಲಿ ಬಾಡಿಗೆಗೆ ಸಿಗುತ್ತಾ?

ಜಯಲಕ್ಷ್ಮೀಪುರಂ_ವಾಕರ್
ನಮ್ಮ ಮನೆಯಲ್ಲಿ ಒಂದಿದೆ. ಅಮ್ಮನಿಗೆ ತಂದದ್ದು, ಪಂಪು ಸರಿಯಾಗಿದೆ, ತೊಳೆದು ಒಣಗಿಸಿ ಇಟ್ಟಿದ್ದೇವೆ. ಬಾಡಿಗೆ ಏನೂ ಬೇಡ. ನಾಳೆ ಬೆಳಿಗ್ಗೆ ಬಂದರೆ ಕೊಡುತ್ತೇನೆ, ಮೆಸೇಜ್ ಮಾಡಿ.

ಉದಯಗಿರಿ_ಗೆಳೆಯ
ನಾನು ನಾಳೆ ಬೆಳಿಗ್ಗೆ ಲೋಡ್ ತೆಗೆದುಕೊಂಡು ಬೆಂಗಳೂರಿಗೆ ಹೋಗುತ್ತಿದ್ದೇನೆ. ನೀವು ಅಪ್ಪನನ್ನು ಬಿಟ್ಟು ಬರಬೇಡಿ. ನಾನೇ ಜಯಲಕ್ಷ್ಮೀಪುರಂನಿಂದ ತೆಗೆದುಕೊಂಡು ಮದ್ದೂರು ಬಸ್ ಸ್ಟ್ಯಾಂಡ್ ಹತ್ತಿರ ತಲುಪಿಸುತ್ತೇನೆ. ನಿಮ್ಮ ಕಡೆಯವರು ಯಾರಾದರೂ ಬಂದರೆ ಸಾಕು.

ಸಿಸ್ಟರ್_ಮೈಸೂರು
ಒಳ್ಳೇದಾಯಿತು. ಏರ್ ಬೆಡ್ ಮೇಲೆ ದಪ್ಪ ಹಾಸಿಗೆ ಹಾಕಬೇಡಿ, ತೆಳ್ಳಗಿನ ಹತ್ತಿ ಬಟ್ಟೆ ಸಾಕು. ಬೆಡ್ ಹಾಕಿದರೂ ಮಗ್ಗಲು ಬದಲಿಸುವುದನ್ನು ನಿಲ್ಲಿಸಬೇಡಿ. ಕರೆಂಟ್ ಹೋದರೆ ಗಾಳಿ ಇಳಿಯುತ್ತದೆ, ಪಂಪನ್ನು ಯುಪಿಎಸ್ ಲೈನಿಗೆ ಹಾಕಿಸಿ.

ಮದ್ದೂರು_ಮಗ
ಯುಪಿಎಸ್ ಇದೆ. ಚಿಕ್ಕಪ್ಪ ಬೈಕ್ ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ಬರುತ್ತಾರೆ. ಇಬ್ಬರಿಗೂ ನಂಬರ್ ಕಳಿಸಿದ್ದೇನೆ.